ಮುಚ್ಚಳದ ಮನೆಯ ಎರಡನೆಯ ಕೈ

ವಿಶಾಲಿ ಗುಡ್ಡದ ಮೇಲಿನ ಮನೆಗೆ ಬಂದು ಸೇರಿದ ದಿನ ಅವಳ ಸಾಮಾನನ್ನು ಮೇಲಕ್ಕೆ ಹೊತ್ತುಕೊಟ್ಟವಳು ನಾನೇ. ಹಿತ್ತಾಳೆ ಕೊಡ, ಹಾಸಿಗೆ ಸುರುಳಿ, ಮಗುವಿನ ತೊಟ್ಟಿಲು, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಜಾಡಿ. ಅರ್ಧ ಗುಡ್ಡ ಹತ್ತಿದ ಮೇಲೆ ಆ ಜಾಡಿಯನ್ನು ಕೈಬಿಟ್ಟರೆ ಹೇಗೆ ಎಂಬ ಯೋಚನೆ ಬಂದುಹೋಯಿತು. ಬಿಡಲಿಲ್ಲ. ಅವಳು ಹಿಂದಿನಿಂದ ಮಗುವನ್ನು ಸೊಂಟಕ್ಕೇರಿಸಿಕೊಂಡು ಬರುತ್ತಾ, "ಅಕ್ಕಾ, ಆ ಜಾಡಿ ಜೋಪಾನವಾಗಿ ಮೇಲೆ ಬಂದರೆ ಅದು ನನ್ನ ಪುಣ್ಯ" ಅಂದಿದ್ದಳು. ಅಷ್ಟು ಚೆನ್ನಾಗಿ ಕೇಳಿದವರ ಜಾಡಿಯನ್ನು ಒಡೆಯುವುದು ಹೇಗೆ?

ಅದು ನನ್ನ ಮನೆಯಾಗಬೇಕಿತ್ತು. ಮುಚ್ಚಳದ ಮನೆಯ ಕಾವಲಿನಲ್ಲಿ ಮೊದಲ ಕೈಯಾದವರಿಗೆ ಗುಡ್ಡದ ಮೇಲಿನ ಮನೆ, ಎರಡನೆಯ ಕೈಯಾದವರು ಊರೊಳಗಿನಿಂದ ದಿನಾ ಹತ್ತಿ ಇಳಿಯಬೇಕು. ತಿಪ್ಪಮ್ಮಜ್ಜಿ ಮೊದಲ ಕೈಯಾಗಿದ್ದ ಕಾಲದಿಂದಲೂ ನಾನು ಎರಡನೆಯವಳು. ಅಜ್ಜಿ ಮುದುಕಿಯಾಗಿ ಕೆಲಸ ಬಿಟ್ಟಾಗ ಇನ್ನು ನನ್ನ ಸರದಿ ಎಂದು ಊರೆಲ್ಲ ಅಂದುಕೊಂಡಿತ್ತು, ನಾನಂತೂ ಆ ಮನೆಯ ಕಿಟಕಿಗಳಿಗೆ ಪರದೆ ಬಟ್ಟೆ ಕೂಡ ಮನಸ್ಸಿನಲ್ಲೇ ಆರಿಸಿಟ್ಟಿದ್ದೆ. ಕಿಟಕಿಗಳೇ ನನಗೆ ಮುಖ್ಯ. ನಮ್ಮ ಓಣಿ ಇರುವುದು ಸುಣ್ಣದ ಭಟ್ಟಿಗಳ ಪಕ್ಕ. ನನ್ನ ಗಂಡ ರುದ್ರೇಶ ಆ ಭಟ್ಟಿಯಲ್ಲೇ ಕೆಲಸಕ್ಕಿರುವುದು. ಹೊರಗೆ ಒಣಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬೆಳ್ಳಗಾಗುತ್ತದೆ, ಅನ್ನದ ತಪ್ಪಲೆಯ ಮೇಲೆ ಮುಚ್ಚಿದ ತಟ್ಟೆ ಬೆಳ್ಳಗಾಗುತ್ತದೆ. ನನ್ನ ಮಗಳು ಅಂಬಿಯ ಎದೆಯೊಳಗೂ ಬೆಳ್ಳಗಾಗಿದೆಯೇನೋ ಎಂದು ನನಗೆ ಭಯ. ಮಲಗಿದರೆ ಉಸಿರು ಸೀಟಿ ಹೊಡೆಯುತ್ತಿತ್ತು. ವೈದ್ಯರು ಔಷಧಿ ಕೊಟ್ಟು ಕೊಟ್ಟು ಬೇಸತ್ತು, "ಕೆರೆಗಾಳಿ ಸಿಗೋ ಕಡೆ ಮಲಗೋ ಹಾಗಾದ್ರೆ ಔಷಧಿನೇ ಬೇಡಮ್ಮ" ಅಂದಿದ್ದರು. ಕೆರೆಗಾಳಿ ಬೀಸುವುದು ಗುಡ್ಡದ ಮೇಲೆ ಮಾತ್ರ, ಆ ಮನೆಯ ನಾಲ್ಕೂ ಕಿಟಕಿಗಳಿಂದ.

ಮೊದಲ ಕೈಯನ್ನು ಆರಿಸುವುದು ಮೇಣದ ಅಚ್ಚಿನಿಂದ. ಅಂಗೈಯನ್ನು ಬಿಸಿ ಮೇಣಕ್ಕೆ ಒತ್ತಬೇಕು. ಆ ಗುರುತಿನಿಂದಲೇ ಮುಚ್ಚಳದ ರಾಟೆಗೆ ಕಬ್ಬಿಣದ ಹಿಡಿ ಎರಕ ಹೊಯ್ಯುತ್ತಾರೆ, ಬೇರೆಯವರ ಕೈಗೆ ಅದು ತಿರುಗುವುದಿಲ್ಲ. ವಿಶಾಲಿಯ ಅಂಗೈ ಮೇಣದಲ್ಲಿ ಅರಳಿದ ಹಾಗೆ ಮೂಡಿತು, ಒಂದೊಂದು ಗೆರೆಯೂ ಎಣಿಸಬಹುದಿತ್ತು. ನನ್ನದು ಮೂಡಲಿಲ್ಲ. ಮೊದಲ ಕೈ ಇಲ್ಲದ ಹೊತ್ತಿಗೆಂದು ರಾಟೆಗೆ ಇರುವ ಎರಡನೆಯ ಹಿಡಿಗೆ ಹಿಂದೊಮ್ಮೆ ಒತ್ತಿದಾಗ ಸುಮಾರಾಗಿ ಮೂಡಿತ್ತು, ಆಮೇಲೆ ಪಾತ್ರೆ ತಿಕ್ಕಿ, ಗಂಡನ ಸುಣ್ಣದ ಅಂಗಿಗಳನ್ನು ಒಗೆದು ಒಗೆದು ಗೆರೆಗಳೆಲ್ಲ ಸವೆದುಹೋಗಿದ್ದವು. ಎರಕದವನು ಮೇಣವನ್ನು ಬೆಳಕಿಗೆ ಹಿಡಿದು ನೋಡಿ, "ಹಾಲಮ್ಮ, ಇದು ಅಂಗೈಯೋ ಒರಳುಕಲ್ಲೋ?" ಅಂದ. ಎಲ್ಲರೂ ನಕ್ಕರು. ವಿಶಾಲಿ ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ನಮ್ಮ ಊರಿನಲ್ಲಿ ಯಾರೂ ಯಾರಿಗೂ 'ಮಾಡು' ಅನ್ನುವುದಿಲ್ಲ. ಮೇಲಿನವರು ಕೆಳಗಿನವರಿಗೆ ಒಂದು ಅಪ್ಪಣೆ ಕೊಟ್ಟರೆ, ಪಡೆದವರ ಬಲಗೈಯಲ್ಲಿ ಕಲ್ಲು ಬಂದು ಕೂರುತ್ತದೆ. ಹೇಳಿದ್ದನ್ನು ಮಾಡಿದರೆ ಬೆಲ್ಲದ ಹಾಗೆ ಕರಗಿಹೋಗುತ್ತದೆ, ಮಾಡದಿದ್ದರೆ ಅಲ್ಲೇ ಇರುತ್ತದೆ; ಕೊಡವಿದರೂ ಬೀಳುವುದಿಲ್ಲ. ಹಾಗಾಗಿ ತಾಯಂದಿರು ಮಕ್ಕಳಿಗೆ, "ಯಾರೋ ಇವತ್ತು ತಲೆ ಬಾಚಿಕೊಂಡರೆ ಎಷ್ಟು ಲಕ್ಷಣ" ಎಂದು ಗೋಡೆಗೆ ಹೇಳುತ್ತಾರೆ. ಮೇಷ್ಟ್ರು, "ಮಗ್ಗಿ ಕೇಳದೆ ನನ್ನ ಕಿವಿ ತುಕ್ಕು ಹಿಡಿದಿದೆ" ಅನ್ನುತ್ತಾರೆ. ಭಟ್ಟಿಯ ಮೇಸ್ತ್ರಿ ಮಾತ್ರ ಬೈಗುಳದ ಜೊತೆ ನೇರವಾಗಿಯೇ ಹೇಳುತ್ತಾನೆ, ಅವನ ಆಳುಗಳು ದಿನವಿಡೀ ಒಂದು ಕೈಯಲ್ಲೇ ಕೆಲಸ ಮಾಡುತ್ತಾರೆ. ಸರಿಸಮಾನರ ನಡುವೆ ಕಲ್ಲು ಹುಟ್ಟುವುದಿಲ್ಲ. ಯಾರು ಯಾರಿಗೆ ಸಮಾನ ಎಂಬುದು ಮಾತ್ರ ಕಲ್ಲು ಬಂದ ಮೇಲೆಯೇ ಗೊತ್ತಾಗುವುದು.

ನನಗೆ ಅದು ಗೊತ್ತಾದದ್ದು ವಿಶಾಲಿ ಬಂದ ಮರುವಾರ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅವಳ ಕಂಕುಳಲ್ಲಿ ಮಗು ಅಳುತ್ತಿತ್ತು. ಅವಸರದಲ್ಲಿ ಅವಳ ಬಾಯಿಂದ, "ಮಗೂನ ಹಿಡಿ ಅಕ್ಕಾ!" ಎಂದು ಬಂದುಬಿಟ್ಟಿತು. ನನ್ನ ಅಂಗೈಯಲ್ಲಿ ತಣ್ಣಗೆ ಏನೋ ಕೂತಿತು. ಹುಣಸೆ ಬೀಜದಷ್ಟು. ಇಬ್ಬರೂ ಅದನ್ನೇ ನೋಡಿದೆವು. ನನಗಿಂತ ಎಷ್ಟು ಚಿಕ್ಕವಳು, ನಿನ್ನೆ ಮೊನ್ನೆ ಕೆಲಸಕ್ಕೆ ಬಂದವಳು, ಮತ್ತು ಅವಳು ನನಗಿಂತ ಮೇಲೆ ಎಂಬುದನ್ನು ನನ್ನ ಕೈಯೇ ಒಪ್ಪಿಕೊಂಡಿತ್ತು.

"ಅಯ್ಯೋ, ಅಕ್ಕಾ..." ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ನಾನು ಬೇಕೂಂತ ಹೇಳ್ಲಿಲ್ಲ ಕಣಕ್ಕ. ನನ್ನ ನಾಲಗೆಗೆ ಬರೆ ಹಾಕ್ಬೇಕು."

ನಾನು ಮಗುವನ್ನು ತೆಗೆದುಕೊಂಡೆ. ಬೀಜ ಕರಗಿತು. ಮಗು ಗುಂಡುಗುಂಡಾಗಿತ್ತು, ಅತ್ತು ಅತ್ತು ಕೆಂಪಗಾಗಿದ್ದರೂ ಅದರ ಉಸಿರು ಎಷ್ಟು ಸಲೀಸಾಗಿ ಒಳಗೆ ಹೊರಗೆ ಹೋಗುತ್ತಿತ್ತು ಎಂದರೆ, ಅದರ ಎದೆಗೆ ಕಿವಿಯಿಟ್ಟು ನಾನು ಕೇಳುತ್ತಾ ನಿಂತೆ. ಆ ಉಸಿರು ನನಗೆ ಬೇಕಿತ್ತು. ಇನ್ನೊಬ್ಬರ ಒಡವೆ ನೋಡಿ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ಇನ್ನೊಬ್ಬರ ಮಗುವಿನ ಉಸಿರನ್ನು ನೋಡಿ ಪಟ್ಟವಳು ನಾನೊಬ್ಬಳೇ ಇರಬೇಕು.

ಮುಚ್ಚಳದ ಮನೆಯಲ್ಲಿ ಕೆಲಸ ಅಂದರೆ ಕಸ ಗುಡಿಸುವುದು, ರಾಟೆಯ ಹಲ್ಲುಗಳಿಗೆ ಎಣ್ಣೆ ಬಿಡುವುದು, ಮುಚ್ಚಳದ ಮೇಲೆ ಹಕ್ಕಿಗಳು ಕೂರದಂತೆ ನೋಡಿಕೊಳ್ಳುವುದು. ಕೂತ ಹಕ್ಕಿಗಳು ಆಮೇಲೆ ಹಾರುವುದಿಲ್ಲ. ಬಾವಿಯ ಬಾಯಿಯಷ್ಟು ಅಗಲದ ಕಬ್ಬಿಣದ ಮುಚ್ಚಳ, ಕೆಳಗೆ ಉರಿ ಇದೆ. ಅಜ್ಜಂದಿರ ಕಾಲದಲ್ಲಿ ಒಮ್ಮೆ ತೆಗೆದಿದ್ದರಂತೆ. ತೆಂಕಣ ದಿಕ್ಕಿಗೆ ಗಾಜಿನ ಬಯಲು ಅಂತ ಇದೆಯಲ್ಲ, ಅದು ಆಗ ಊರಾಗಿತ್ತು. ಈಗ ಮೇಕೆ ಮೇಯಿಸುವವರೂ ಆ ಕಡೆ ಹೋಗುವುದಿಲ್ಲ, ಗೊರಸು ಜಾರುತ್ತದೆ. ಮುಚ್ಚಳದ ಬಾಯಿ ಯಾವ ಕಡೆಗಿದೆಯೋ ಉರಿ ಆ ಕಡೆಗೇ ನುಗ್ಗುತ್ತದೆ, ಈಗ ಅದನ್ನು ಕೆರೆಯ ಆಚೆ ದಂಡೆಯ ಊರಿನ ಕಡೆಗೆ ತಿರುಗಿಸಿಟ್ಟಿದ್ದಾರೆ. ತಾಯಂದಿರನ್ನೇ ಈ ಕೆಲಸಕ್ಕೆ ಯಾಕೆ ಇಡುತ್ತಾರೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಕ್ಕಳಿರುವವರು ದುಡುಕುವುದಿಲ್ಲ ಎಂದು ತಿಪ್ಪಮ್ಮಜ್ಜಿ ಹೇಳುತ್ತಿದ್ದಳು. ಮಕ್ಕಳಿರುವವರು ಕೆಲಸ ಕಳೆದುಕೊಳ್ಳಲು ಹೆದರುತ್ತಾರೆ ಎಂದು ಓಬಳೇಶ ಸುಬೇದಾರರು ಹೇಳುತ್ತಿದ್ದರು.

ಸುಬೇದಾರರು ನಮಗೆ ಮೇಲಧಿಕಾರಿ. ವಾರಕ್ಕೊಮ್ಮೆ ಬಂದು ನಮ್ಮಿಬ್ಬರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಾಯಿದೆ ಹೇಳಿಕೊಡುತ್ತಿದ್ದರು. ಬಹಳ ಮಾಡಿ ಅವರು ಬರುತ್ತಿದ್ದದ್ದು ವಿಶಾಲಿಯ ಉಪ್ಪಿನಕಾಯಿಗಾಗಿ.

"ಮುಚ್ಚಳ ತೆಗಿಯೋ ಅಪ್ಪಣೆ ಕೊಡೋ ಹಕ್ಕು ಧಣಿಯವರೊಬ್ಬರಿಗೇ," ಅಂದರು ಒಮ್ಮೆ. "ನಾನು ಕೊಡೋ ಹಾಗಿಲ್ಲ, ಪಂಚಾಯ್ತಿ ಕೊಡೋ ಹಾಗಿಲ್ಲ."

"ಅಪ್ಪಣೆ ತಪ್ಪಾಗಿದ್ರೆ ಸಾಹೇಬ್ರೆ?" ಎಂದು ವಿಶಾಲಿ ಕೇಳಿದಳು.

"ತಪ್ಪಾಗಿದ್ರೆ ಬೇಡ ಅನ್ನಬಹುದು. ಕಾಯಿದೆಯಲ್ಲೇ ಇದೆ. ಅನ್ಯಾಯದ ಅಪ್ಪಣೆಗೆ ಕೈ ಕೊಡಬೇಕಾಗಿಲ್ಲ."

"ತಪ್ಪೋ ಸರಿಯೋ ಅಂತ ಹೇಳೋರು ಯಾರು?"

ಸುಬೇದಾರರು ಬೆರಳು ನೆಕ್ಕಿಕೊಂಡರು. "ಅಪ್ಪಣೆ ಕೊಟ್ಟೋರೇ."

ಮೂವರೂ ನಕ್ಕೆವು. ಅವರು ನಗು ನಿಲ್ಲಿಸಿ, "ಅಲ್ಲಮ್ಮ, ತಮಾಷೆ ಅಲ್ಲ. ಬೇಡ ಅನ್ನಬಹುದು. ಆದರೆ ಕಲ್ಲು ಬರ್ತದೆ. ಕಾಯಿದೆ ಕಲ್ಲಿನ ವಿಷಯ ಏನೂ ಹೇಳೋದಿಲ್ಲ" ಅಂದರು.

"ಎಷ್ಟು ದೊಡ್ಡದು ಬರಬಹುದು?" ಎಂದೆ ನಾನು.

"ಇಲ್ಲೀವರೆಗೆ ಯಾರೂ ಬೇಡ ಅಂದಿಲ್ಲವಲ್ಲಮ್ಮ. ಹೋದ ಸಲ ತೆಗೆದೋಳು ಹೇಳಿದ ತಕ್ಷಣ ತೆಗೆದಳಂತೆ. ಅವಳ ಕೈಯಲ್ಲಿ ಕಲ್ಲು ಮೂಡೋದಕ್ಕೂ ಪುರುಸೊತ್ತಾಗ್ಲಿಲ್ವಂತೆ." ಆಮೇಲೆ ವಿಶಾಲಿಯ ಕಡೆ ತಿರುಗಿ, "ಇನ್ನೊಂದು ಹೋಳು ಸಿಕ್ಕಿದ್ರೆ ಈ ಊಟ ಪೂರ್ತಿಯಾಗ್ತಿತ್ತು" ಅಂದರು. ನಾನು ಪಕ್ಕದಲ್ಲಿ ನನ್ನ ಬುತ್ತಿಯ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆ, ನನ್ನ ಚಟ್ನಿಯನ್ನು ಯಾರೂ ಕೇಳಲಿಲ್ಲ.

ಆಚೆ ದಂಡೆಯವರು ದೀಪ ಹಚ್ಚಿದ್ದು ಆ ಬೇಸಗೆಯಲ್ಲೇ. ಕೆರೆಯ ಉದ್ದಕ್ಕೂ ಕಂಬ ನೆಟ್ಟು, ಒಂದೊಂದಕ್ಕೂ ಬಣ್ಣದ ಗಾಜಿನ ಬುಡ್ಡಿ ತೂಗುಹಾಕಿದರು. ಸಂಜೆಯಾದರೆ ನೀರಿನಲ್ಲಿ ಇನ್ನೊಂದು ಊರೇ ತಲೆಕೆಳಗಾಗಿ ಬೆಳಗುತ್ತಿತ್ತು. ನಮ್ಮ ಜನ ಚಾಪೆ, ಬುತ್ತಿ, ಮುದುಕರನ್ನು ಕಟ್ಟಿಕೊಂಡು ನಮ್ಮ ದಂಡೆಯಲ್ಲಿ ಕೂತು ನೋಡತೊಡಗಿದರು. ಕಡಲೆ ಮಾರುವವನು ಅಲ್ಲಿಗೇ ಬುಟ್ಟಿ ತಂದ. ಧಣಿಯವರ ಮನೆಯ ಹೆಂಗಸರೂ ಹೋಗಿ ಕೂತರು. ಧಣಿ ಚನ್ನವೀರಯ್ಯನವರು ಒಂದು ಸಂಜೆ ಅವರನ್ನು ಕರೆಯಲು ಹೋಗಿ, ಸ್ವಂತ ಮೊಮ್ಮಗಳು, "ತಾತಾ, ನಾವು ಆಚೆ ಊರಲ್ಲಿ ಯಾಕೆ ಹುಟ್ಟಲಿಲ್ಲ?" ಎಂದು ಕೇಳಿದ್ದನ್ನು ಎಲ್ಲರೆದುರು ಕೇಳಿಸಿಕೊಂಡರಂತೆ. ಆಮೇಲೆ ಆ ದೀಪಗಳು ನಮ್ಮ ಮೀನುಗಳನ್ನೆಲ್ಲ ಆಚೆಗೆ ಸೆಳೆಯುತ್ತಿವೆ ಎಂಬ ಮಾತು ಹುಟ್ಟಿತು. ದೀಪ ಆರಿಸಬೇಕೆಂದು ಹೇಳಿಕಳಿಸಿದ್ದಾಯಿತು. ಆಚೆಯವರು ಉತ್ತರವಾಗಿ ಇನ್ನೊಂದು ಸಾಲು ಹಚ್ಚಿದರು.

ಧಣಿಯವರು ಗುಡ್ಡ ಹತ್ತಿದ್ದು ಬೆಳಗಿನ ಹೊತ್ತು. ನಾನು ಅಂಗಳ ಗುಡಿಸುತ್ತಿದ್ದೆ, ವಿಶಾಲಿ ರಾಟೆಗೆ ಎಣ್ಣೆ ಬಿಡುತ್ತಿದ್ದಳು. ಛತ್ರಿ ಹಿಡಿದ ಸುಬೇದಾರರು ಹಿಂದೆ, ಮುಖ ಬಿಳಚಿಕೊಂಡಿತ್ತು. ಧಣಿ ಜಗಲಿಯ ಮೇಲೆ ಕೂತು ಏದುಸಿರು ಬಿಟ್ಟು, ನೀರು ಕುಡಿದು, ಮಗುವಿನ ಗಲ್ಲ ಸವರಿ, ಕೊನೆಗೆ ಒಳ್ಳೆಯ ಮಾತಿನಲ್ಲೇ ಕೇಳಿದರು. ನಮ್ಮೂರಿನವರ ಬಾಯಿ, ಅದಕ್ಕೆ ಬೇರೆ ರೀತಿ ಬರುವುದಿಲ್ಲ. "ತಾಯಿ, ಇವತ್ತು ಮುಚ್ಚಳ ತೆಗೆದಿದ್ರೆ ಒಳ್ಳೇದಿತ್ತೇನೋ ಅನ್ನಿಸ್ತದೆ."

ವಿಶಾಲಿ ಎಣ್ಣೆಯ ಬುಡ್ಡಿಯನ್ನು ಕೆಳಗಿಟ್ಟಳು. "ಬೇಡ ಅಂತ ಅನ್ನಿಸ್ತದೆ ಧಣಿ."

"ಆ ಊರು ನಮ್ಮನ್ನ ಆಡಿಕೊಳ್ತಿದೆ."

"ದೀಪ ಹಚ್ಚಿದಾರೆ ಅಷ್ಟೇ ಅಲ್ವ ಧಣಿ. ನಾವೂ ಹಚ್ಚಿದ್ರಾಯ್ತು."

ಅವರ ಮುಖದಲ್ಲಿ ರಕ್ತ ಏರಿತು. ಎದ್ದು ನಿಂತರು. ನನ್ನ ಜೀವಮಾನದಲ್ಲಿ ಆ ಮನುಷ್ಯ ಒಂದು ಅಪ್ಪಣೆ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಅವರಿಗೇ ಅದು ಅಭ್ಯಾಸವಿರಲಿಲ್ಲ, ಗಂಟಲು ಒಡೆದುಹೋಯಿತು. "ವಿಶಾಲಾಕ್ಷಿ, ಮುಚ್ಚಳ ತೆಗಿ!"

ಕಲ್ಲು ಬಂತು. ಮೊದಲು ನಿಂಬೆಹಣ್ಣಿನಷ್ಟು, ನೋಡನೋಡುತ್ತಲೇ ತೆಂಗಿನಕಾಯಿಯಷ್ಟು, ಆಮೇಲೆ ಒರಳಿನ ಗುಂಡಿನಷ್ಟು. ವಿಶಾಲಿ ಮೊಣಕಾಲೂರಿದಳು, ಆಮೇಲೆ ಮೊಣಕೈಯೂರಿದಳು. ಕಲ್ಲು ಅಂಗಳದ ಮಣ್ಣಿನಲ್ಲಿ ಕುಸಿದು ಕೂತಿತು, ಅವಳ ಅಂಗೈ ಅದರ ಕೆಳಗೆ ಅಂಟಿಕೊಂಡಿತ್ತು. ರಾಟೆಯ ಹಿಡಿ ಇದ್ದದ್ದು ಅವಳ ಎಡಗೈಗೆ ಎಟುಕುವಷ್ಟು ದೂರದಲ್ಲಿ. ಹಿಡಿಗೆ ಬಲಗೈ ಬೇಕು ನಿಜ, ಆದರೆ ತೆಗೆಯುತ್ತೇನೆ ಎಂದು ಮನಸ್ಸು ಮಾಡಿದರೆ ಸಾಕು, ಕಲ್ಲು ತಾನೇ ಹಗುರಾಗಿ ಕೈಯನ್ನು ಹಿಡಿಯ ತನಕ ಬಿಟ್ಟುಕೊಡುತ್ತದೆ. ಅದು ಮಕ್ಕಳಿಗೂ ಗೊತ್ತಿರುವ ವಿಷಯ.

"ಆಗಲ್ಲ ಧಣಿ," ಅಂದಳು.

ಹೇಗೆ ಅಂದಳು ಎಂದರೆ, ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಇನ್ನು ಸಾಕು ಅನ್ನುತ್ತಾರಲ್ಲ, ಹಾಗೆ. ಜೋರಿಲ್ಲ, ನಡುಕವಿಲ್ಲ. ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು. ಮನೆಗೆ, ಕಿಟಕಿಗೆ, ಮಗುವಿನ ಉಸಿರಿಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅದರ ಮುಂದೆ ಏನೂ ಅಲ್ಲ. ನಾನು ಹುಟ್ಟಿದಾಗಿನಿಂದ ಒಂದು ಸಲವೂ ಹಾಗೆ ಅಂದವಳಲ್ಲ. ಅಪ್ಪ ಶಾಲೆ ಬಿಟ್ಟರೆ ಒಳ್ಳೇದಿತ್ತು ಅಂದಾಗ ಬಿಟ್ಟೆ. ಭಟ್ಟಿ ಓಣಿಯ ಮನೆ ಬಾಡಿಗೆಗೆ ಸಿಕ್ಕಿದೆ ಎಂದು ಗಂಡ ಹೇಳಿದಾಗ ಹೂಂ ಅಂದೆ. ಎರಡನೆಯ ಕೈಯಾಗಿಯೇ ಇದ್ದರೆ ಎಲ್ಲರಿಗೂ ಅನುಕೂಲ ಅಂದಾಗಲೂ ಹೂಂ ಅಂದೆ. ನನ್ನ ಕೈಗೆ ಬಂದ ಒಂದು ಕಲ್ಲೂ ಊಟದ ಹೊತ್ತಿನ ತನಕ ಉಳಿದದ್ದಿಲ್ಲ. ಇವಳು ನೋಡಿದರೆ ನೆಲಕ್ಕೆ ಅಂಟಿಕೊಂಡು, ಬೆವರಿನಲ್ಲಿ ಕೂದಲು ಮುಖಕ್ಕೆ ಮೆತ್ತಿಕೊಂಡು, ರಾಣಿಯ ಹಾಗೆ ಕಾಣುತ್ತಿದ್ದಳು.

"ಅವಳಿಗೆ ಹಕ್ಕಿದೆ ಧಣಿ," ಎಂದು ಸುಬೇದಾರರು ಮೆಲ್ಲಗೆ ಅಂದರು. "ಕಾಯಿದೆಯಲ್ಲಿ..."

"ಕಾಯಿದೆಯಲ್ಲಿ ಎರಡನೇ ಕೈಯೂ ಇದೆ," ಅಂದರು ಧಣಿ.

ಅವರು ನನ್ನ ಕಡೆ ತಿರುಗಿದರು. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಸುಬೇದಾರರ ಮುಖ ನೋಡಿದರು, ಸುಬೇದಾರರು ಹೇಳಿದರು.

"ಹಾಲಮ್ಮ, ನಿನ್ನ ಮಗಳಿಗೆ ಉಸಿರಿನ ಕಾಯಿಲೆಯಂತೆ. ಕೇಳಿದೀನಿ. ಈ ಮನೆಯಲ್ಲಿ ಅವಳು ಮಲಗೋ ಹಾಗಾದ್ರೆ ನನಗೂ ಸಂತೋಷ. ಇವತ್ತೇ ಆದ್ರೆ ಇವತ್ತೇ. ಮೊದಲ ಕೈ ಅಂದ್ರೆ ಇನ್ನು ನೀನೇ."

ನಾನು ಮನೆಯನ್ನು ನೋಡಿದೆ. ನಾಲ್ಕೂ ಕಿಟಕಿ ತೆರೆದಿದ್ದವು, ವಿಶಾಲಿಯ ಮಗುವಿನ ಅಂಗಿಗಳು ಹಗ್ಗದ ಮೇಲೆ ಗಾಳಿಗೆ ಉಬ್ಬಿಕೊಂಡಿದ್ದವು, ಒಂದರ ಮೇಲೂ ಸುಣ್ಣದ ಧೂಳಿಲ್ಲ. ಅಂಬಿ ಆ ಕಿಟಕಿಯ ಕೆಳಗೆ ಮಲಗಿ, ಸೀಟಿಯಿಲ್ಲದ ಉಸಿರು ಬಿಡುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮನೆಯ ಹಿಂದೆ ಕೆರೆ, ಕೆರೆಯ ಆಚೆ ಊರು. ಹಗಲಿನಲ್ಲಿ ಆ ದೀಪದ ಕಂಬಗಳು ಬಡಕಲು ಕೋಲುಗಳಷ್ಟೇ. ಯಾರೋ ಒಬ್ಬಾಕೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿಗೆ ಬಡಿದದ್ದು ಕಂಡು ಎಷ್ಟೋ ಹೊತ್ತಿಗೆ ಸದ್ದು ಬರುತ್ತಿತ್ತು.

"ತೆಗಿ ಹಾಲಮ್ಮ," ಅಂದರು ಧಣಿ.

ಭಾರ ಎಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನೀರಿನ ಕೊಡ, ಸೌದೆ ಹೊರೆ, ಜ್ವರ ಬಂದ ಮಗು, ಎಲ್ಲ ಹೊತ್ತವಳು. ಇದು ಬೇರೆ. ತೋಳು ಹೆಗಲಿನಿಂದ ಕಿತ್ತು ಕೆಳಗೆ ಹೋದ ಹಾಗಾಯಿತು, ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ವಿಶಾಲಿಯ ಪಕ್ಕದಲ್ಲೇ ಬಿದ್ದೆ, ಅವಳ ಮುಖ ನನ್ನ ಮುಖದ ಎದುರು. ತುಟಿ ಕಚ್ಚಿಕೊಂಡಿದ್ದಳು. ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ, ಬೇಡ ಅಕ್ಕಾ ಎಂದಿದ್ದರೂ, ಅವಳ ಮೇಲಿನ ಹಟಕ್ಕೇ ನಾನು ಹಿಡಿಗೆ ಕೈ ಹಾಕಿಬಿಡುತ್ತಿದ್ದೆನೋ ಏನೋ.

ಅಲ್ಲಿ ಬಿದ್ದುಕೊಂಡು ನನಗೆ ಬಂದ ಯೋಚನೆಗಳಲ್ಲಿ ಒಂದೂ ಹೇಳಿಕೊಳ್ಳುವಂಥದ್ದಲ್ಲ. ತೆಗೆದರೆ, ಅವಳು ಬೇಡವೆಂದು ಪಕ್ಕಕ್ಕಿಟ್ಟ ಎಲೆಯಲ್ಲಿ ನಾನು ಕೂತು ಉಂಡ ಹಾಗಾಗುತ್ತದೆ. ಅವಳ ಎಂಜಲು ಅಪ್ಪಣೆ, ಅವಳು ಬಿಟ್ಟ ಮನೆ, ಅವಳು ಬಿಟ್ಟ ಪದವಿ. ತೆಗೆಯದಿದ್ದರೆ? ಆಗಲ್ಲ ಅಂದರೆ ಅದೂ ಅವಳದೇ ಮಾತು. ಊರಿನವರು ವಿಶಾಲಿ ಬೇಡ ಅಂದಳು ಎಂದು ಹಾಡಿಕೊಂಡು, ಆಮೇಲೆ ನೆನಪಾದರೆ, ಹಾಲಮ್ಮನೂ ಅಂತೆ ಎಂದು ಸೇರಿಸುತ್ತಾರೆ. ಎತ್ತ ತಿರುಗಿದರೂ ನಾನು ಎರಡನೆಯವಳೇ. ಸಿಟ್ಟು ಬಂದು ತಲೆಯೆತ್ತಿ ಧಣಿಯ ಮುಖ ನೋಡಿದೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಮುಚ್ಚಳವನ್ನೂ ನೋಡುತ್ತಿರಲಿಲ್ಲ. ಆ ಬಡಕಲು ಕಂಬಗಳನ್ನು ನೋಡುತ್ತಿದ್ದರು. ತುಟಿಯ ಒಂದು ಮೂಲೆ ಕೆಳಗೆ ಎಳೆದುಕೊಂಡಿತ್ತು, ಕಣ್ಣು ಕಿರಿದಾಗಿ, ಇಲ್ಲದ ದೀಪಗಳನ್ನು ಒಂದೊಂದಾಗಿ ಆರಿಸುತ್ತಿರುವಂತೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಉಪ್ಪಿನಕಾಯಿ ಜಾಡಿಯನ್ನು ಕೈಬಿಟ್ಟರೆ ಹೇಗೆ ಅಂದುಕೊಂಡಾಗ ನನಗಿದ್ದದ್ದು ಅದೇ ಮುಖವೇ ಇರಬೇಕು. ಇಷ್ಟೆಲ್ಲ ಕಾಯಿದೆ, ಪಹರೆ, ಮೇಣ, ಎರಕ, ಮೀನಿನ ಕತೆ, ಎಲ್ಲದರ ಬುಡದಲ್ಲಿ ಕೂತಿದ್ದದ್ದು ಇದೇನಾ? ಇದು ದಿನಾ ನನ್ನ ಜೊತೆ ಗುಡ್ಡ ಹತ್ತಿ ಇಳಿಯುವ ವಸ್ತು. ಇದರ ರುಚಿ ನನಗೆ ಗೊತ್ತು. ಆ ಊರು ಸುಟ್ಟುಹೋದರೂ ಇವರಿಗೆ ತಂಪಾಗುವುದಿಲ್ಲ. ನಾಳೆ ಅಲ್ಲಿ ಹುಟ್ಟುವ ಗಾಜಿನ ಬಯಲು ಹೊಳೆಯುವುದನ್ನು ನೋಡಿ, ಅದು ಎಷ್ಟು ಚೆನ್ನಾಗಿ ಹೊಳೆಯುತ್ತಿದೆ ಎಂದು ಅದರ ಮೇಲೂ ಕಿಚ್ಚು ಪಡುತ್ತಾರೆ.

"ಧಣಿ," ಎಂದೆ.

"ಹೂಂ, ತೆಗಿತೀಯಲ್ಲ?"

"ಮನೆಗೆ ಹೋಗಿ."

ಛತ್ರಿ ಸುಬೇದಾರರ ಕೈಯಿಂದ ಜಾರಿತು. ವಿಶಾಲಿ ತುಟಿ ಕಚ್ಚುವುದನ್ನು ಬಿಟ್ಟಳು. ನಾನು ಯೋಚಿಸಿ ಹೇಳಿದ ಮಾತಲ್ಲ ಅದು. ಗೋಡೆಗೆ ಹೇಳಲಿಲ್ಲ, ಹೋದರೆ ಚೆನ್ನಾಗಿತ್ತು ಅನ್ನಲಿಲ್ಲ. ಅಂಬಿಗೂ ನಾನು ಹಾಗೆ ಹೇಳುವವಳಲ್ಲ. "ಬಿಸಿಲೇರ್ತಾ ಇದೆ. ಮನೆಗೆ ಹೋಗಿ, ಮೊಮ್ಮಗಳನ್ನ ಎತ್ತಿಕೊಳ್ಳಿ."

ಧಣಿ ಒಂದು ಹೆಜ್ಜೆ ಹಿಂದೆ ಇಟ್ಟರು. ಇದ್ದಕ್ಕಿದ್ದಂತೆ ತಮ್ಮ ಬಲಗೈ ನೋಡಿಕೊಂಡರು. ನಾವು ನೋಡುವಷ್ಟರಲ್ಲಿ ಮುಷ್ಟಿ ಕಟ್ಟಿ ಧೋತರದ ಮಡಿಕೆಯೊಳಗೆ ಅಡಗಿಸಿದರು. ಒಳಗೆ ಏನಾದರೂ ಇತ್ತೋ ಇಲ್ಲವೋ ನಾನು ಹೇಳಲಾರೆ. ಜೋಳದ ಕಾಳಿನಷ್ಟಿತ್ತು ಎಂದು ವಿಶಾಲಿ ಈಗಲೂ ಆಣೆ ಮಾಡುತ್ತಾಳೆ, ಅವಳಿಗೆ ಎಲ್ಲವನ್ನೂ ಚೆಂದ ಮಾಡಿ ಹೇಳುವ ಅಭ್ಯಾಸ. ಏನೇ ಇರಲಿ, ಆ ಮನುಷ್ಯ ಛತ್ರಿಯನ್ನೂ ಬಿಟ್ಟು ಗುಡ್ಡ ಇಳಿದರು, ಇಳಿಯುವಾಗ ಒಂದೇ ಕೈ ಬೀಸುತ್ತಿತ್ತು.

"ಹೊಸ ಹಿಡಿ ಎರಕ ಹೊಯ್ಯೋಕೆ ಮೇಣ ಬರಬೇಕು," ಎಂದು ಸುಬೇದಾರರು ತಮಗೆ ತಾವೇ ಹೇಳಿಕೊಂಡರು. "ಮೇಣಕ್ಕೆ ಜೇನು ಕಟ್ಟಬೇಕು. ಅಷ್ಟರಲ್ಲಿ ಮಳೆಗಾಲ ಕಳೀತದೆ. ಅಷ್ಟರಲ್ಲಿ..." ಬಿದ್ದ ಛತ್ರಿಯನ್ನು ಎತ್ತಿ ನಮ್ಮಿಬ್ಬರ ಮೇಲೆ ಹಿಡಿದು ನಿಂತರು. ಹಿಡಿದದ್ದು ವಿಶಾಲಿಯ ಕಡೆಗೇ ಸ್ವಲ್ಪ ಹೆಚ್ಚು ವಾಲಿತ್ತು. ನಾನು ಗಮನಿಸಿದೆ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಗುಡ್ಡದ ಮೇಲಿತ್ತು. ಕಲ್ಲುಗಳನ್ನು ಎತ್ತಲು ನೋಡಿದರು, ಹಾರೆ ಹಾಕಿದರು, ಬೈದರು. ಕೊನೆಗೆ ನನ್ನ ಗಂಡ, ಮಾತೇ ಆಡದ ಮನುಷ್ಯ, ಸುಣ್ಣ ಮೆತ್ತಿದ ತನ್ನ ಎರಡೂ ಕೈಗಳನ್ನು ಮಣ್ಣಿನೊಳಗೆ ತೂರಿಸಿ ನನ್ನ ಅಂಗೈಯ ಕೆಳಗೆ ಒಡ್ಡಿದ. "ಹೋ," ಎಂದ. ಅಷ್ಟೇ. ನನ್ನ ಹೆಗಲಿನ ಎಳೆತ ಸ್ವಲ್ಪ ಸಡಿಲವಾಯಿತು, ಅವನ ಕತ್ತಿನ ನರ ಉಬ್ಬಿತು. ಅದನ್ನು ನೋಡಿ ಒಬ್ಬೊಬ್ಬರೇ ಕೈ ಒಡ್ಡಿದರು. ಹತ್ತಾರು ಕೈ ಸೇರಿದಾಗ ನಮ್ಮನ್ನು ಕಲ್ಲಿನ ಸಮೇತ ಎತ್ತಿ ಜಗಲಿಯ ಮೇಲೆ ಕೂರಿಸಲು ಆಯಿತು. ಆಮೇಲೆ ಸರದಿ ಮಾಡಿಕೊಂಡರು. ಒಬ್ಬರಿಗೆ ಕೈ ಸೋತರೆ ಇನ್ನೊಬ್ಬರು, ಬಿಡುವಿದ್ದವರು ಬಿಡುವಿದ್ದಷ್ಟು ಹೊತ್ತು. ಮೇಸ್ತ್ರಿಯ ಆಳುಗಳು ಬಂದರು, ಅವರಿಗೆ ಒಂದು ಕೈಯೇ ಖಾಲಿ ಇದ್ದದ್ದು, ಅದನ್ನೇ ಕೊಟ್ಟರು. ಮಹಾ ನಾಚಿಕೆಯಿಂದ ಎರಕದವನೂ ಬಂದ.

ವಿಶಾಲಿಯ ಮುಂದಿನ ಸಾಲು ಅಂಗಳ ದಾಟಿ ದಾರಿಗೆ ಇಳಿದಿತ್ತು. ನನ್ನ ಮುಂದಿನದು ಜಗಲಿಯ ಮೆಟ್ಟಿಲಿಗೇ ಮುಗಿದಿತ್ತು.

"ಅಕ್ಕಾ, ನನ್ನ ಕಡೆಯಿಂದ ಒಂದಿಷ್ಟು ಜನ ನಿನ್ನ ಕಡೆ ಬಂದಿದ್ರೆ ಚೆನ್ನಾಗಿತ್ತು," ಎಂದು ವಿಶಾಲಿ ಆಕಾಶಕ್ಕೆ ಹೇಳಿದಳು.

"ಯಾರ ದಯೆಯೂ ಬೇಡ," ಎಂದೆ.

"ಇದೊಳ್ಳೆ ಕತೆ. ಧಣಿಗೇ ಮನೆಗೆ ಹೋಗಿ ಅಂದೋಳು ನೀನು. ನಾನು ಬರೀ ಆಗಲ್ಲ ಅಂದೆ. ಇನ್ನು ನೂರು ವರ್ಷ ಆದ್ರೂ ಜನ ಹೇಳೋದು ನಿನ್ನ ಮಾತನ್ನೇ. ನನ್ನದು ಯಾರಿಗೆ ನೆನಪಿರ್ತದೆ?"

ನಾನು ಅವಳ ಕಡೆ ತಿರುಗಿದೆ. ಅವಳ ತುಟಿಯ ಒಂದು ಮೂಲೆ ಕೆಳಗೆ ಎಳೆದುಕೊಂಡಿತ್ತು. ಅದನ್ನು ಕಂಡು ನನಗಾದ ಸಂತೋಷವನ್ನು ದೇವರು ಕ್ಷಮಿಸಲಿ. ಬಂದಾಗಿನಿಂದ ಮೊದಲ ಸಲ ಅವಳು ನನಗೆ ಹತ್ತಿರದವಳ ಹಾಗೆ ಕಂಡಳು.

ಅಂಬಿ ಬಂದಾಗ ಬಿಸಿಲು ಇಳಿದಿತ್ತು. ದಾರಿಯಲ್ಲಿ ಕೂತು ಕೂತು ಬಂದಿದ್ದಳು, ಮೇಲೆ ತಲುಪಿದ ಮೇಲೆ ಮಾತ್ರ ಅವಳ ಉಸಿರು ನಿಧಾನವಾಗಿ ಸರಿಹೋಯಿತು. ಆ ಮನೆ ಇನ್ನು ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ, ಅದು ನನ್ನದಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳು ಜಗಲಿಗೆ ಬಂದು, ನಮ್ಮಿಬ್ಬರ ನಡುವೆ ಕೂತು, ಒಂದು ಕೈಯನ್ನು ನನ್ನ ಕಲ್ಲಿನ ಕೆಳಗೆ, ಇನ್ನೊಂದನ್ನು ವಿಶಾಲಿಯ ಕಲ್ಲಿನ ಕೆಳಗೆ ತೂರಿಸಿದಳು. ಎರಡೂ ಒಟ್ಟಿಗೆ ಹಿಡಿದು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಯಾವುದು ಹೆಚ್ಚು ಭಾರ ಅಂಬಿ?"

ಅಂಬಿ ತುಟಿ ಮುಂದೆ ಮಾಡಿ ಯೋಚಿಸಿದಳು. ವಿಶಾಲಿ ಈ ಕಡೆಗೆ ಬಾಗಿದ್ದಳು, ಕಿವಿಯೆಲ್ಲ ಇಲ್ಲೇ.

"ನಿಜ ಹೇಳು," ಎಂದೆ.

"ಹೂಂ, ಹೇಳು ಹೇಳು," ಎಂದಳು ವಿಶಾಲಿ, ಅದೇ ಉಸಿರಿನಲ್ಲಿ.

ಅಂಬಿ ಬಲಗೈಯನ್ನು ಹೊರಗೆಳೆದುಕೊಂಡಳು. ಅಂಗೈಯಲ್ಲಿ ಎರಡು ಪುಟ್ಟ ಕಲ್ಲುಗಳಿದ್ದವು, ಗಜ್ಜುಗದಷ್ಟು, ಒಂದು ಬಿಳಿ, ಇನ್ನೊಂದು ಕಂದು. ನಾನೂ ವಿಶಾಲಿಯೂ ಒಟ್ಟಿಗೆ ಚೀರಿದೆವು. "ಬೇಡ ಬೇಡ, ನಾವು ಸುಮ್ಮನೆ ಕೇಳಿದ್ದು!" ಎಂದೆವು. ಆಡಿದ ಮಾತು ವಾಪಸ್ಸು ಬರುವುದಿಲ್ಲ. ಅವಳು ಏನಾದರೊಂದು ಹೇಳಲೇಬೇಕಿತ್ತು, ಅದು ನಿಜವೂ ಆಗಿರಬೇಕಿತ್ತು, ಇಲ್ಲವಾದರೆ ಆ ಕಲ್ಲುಗಳು ಅವಳ ಕೈಯಲ್ಲೇ ಉಳಿಯುತ್ತಿದ್ದವು. ಅವಳು ಕಲಿಯುವ ಮೊದಲ ಭಾರ ನನ್ನ ಹೊಟ್ಟೆಕಿಚ್ಚಿನದಾಗಬೇಕಿತ್ತೇ?

ಅಂಬಿ ನನ್ನನ್ನು ನೋಡಿದಳು. ವಿಶಾಲಿಯನ್ನು ನೋಡಿದಳು. ಆಮೇಲೆ ಆ ಎರಡು ಕಲ್ಲುಗಳನ್ನು ಅಂಗೈಯಲ್ಲೇ ಒಂದಕ್ಕೊಂದು ತಾಕಿಸಿ ಟಿಕ್ ಎನ್ನಿಸಿದಳು. ಅವಳಿಗೆ ಆ ಸದ್ದು ಹಿಡಿಸಿತು. ಇನ್ನೊಮ್ಮೆ ಎನ್ನಿಸಿದಳು.

"ಹೇಳಲ್ಲ ಹೋಗಿ," ಎಂದು ಎದ್ದು, ಕಲ್ಲುಗಳನ್ನು ಮುಷ್ಟಿಯಲ್ಲಿ ಕುಲುಕುತ್ತಾ, ಅಂಗಳದ ಮಕ್ಕಳ ಕಡೆ ಓಡಿಹೋದಳು.

ನಾವಿಬ್ಬರೂ ಬಾಯಿ ತೆರೆದುಕೊಂಡು ಅವಳು ಹೋದ ದಿಕ್ಕನ್ನೇ ನೋಡಿದೆವು. ಅಷ್ಟು ಸಲೀಸಾಗಿ, ಅಷ್ಟು ಹಗುರವಾಗಿ. ವಿಶಾಲಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು, ಅದು ಯಾವ ಬಗೆಯ ನಿಟ್ಟುಸಿರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನೊಳಗಿಂದಲೂ ಅಂಥದ್ದೇ ಒಂದು ಹೊರಟಿತ್ತು.